ಕೋಣೆಯಲ್ಲಿ ಇಲ್ಲದ ಮಗ್ಗ

ಮೊದಲು ಸಿಕ್ಕಿದ್ದು ಒಂದು ಕೈ.

ಕಂಬಳಿಯ ಮೇಲೆ ತಡಕಾಡುತ್ತಿದ್ದ ಫೌಜದಾರ ಕನಕಪ್ಪನ ಬೆರಳಿಗೆ ಅದು ತಾಗಿತು. ಬೆಚ್ಚಗಿತ್ತು. ದಪ್ಪ ಬೆರಳುಗಳು, ಒರಟು ಉಗುರು, ಮಣಿಕಟ್ಟಿನಲ್ಲಿ ಒಂದು ದಾರ. ಗಂಡಸಿನ ಕೈ, ಸಂಶಯವಿಲ್ಲ. ಒತ್ತಿ ನೋಡಿದ. ಅದು ತಿರುಗಿ ಒತ್ತಲಿಲ್ಲ.

ಹಾಸಿಗೆಯೊಳಗೆ ಒಂದು ಕೈ ಬಂದಿದೆ ಎಂದರೆ ಅದರ ಹಿಂದೆ ಒಬ್ಬ ಮನುಷ್ಯ ಇರಲೇಬೇಕು. ಪೊಲೀಸ್ ನೌಕರಿ ಅವನಿಗೆ ಇಷ್ಟಾದರೂ ಕಲಿಸಿತ್ತು.

"ಮಾಯಾ, ಇದು ಯಾರ ಕೈ?"

"ನಿಮ್ಮದ ರೀ." ಹೆಂಡತಿ ಮಾಯವ್ವನ ದನಿ. "ನಾನ ಕಟ್ಟೇನಿ ಅದಕ್ಕ ಬೀರಪ್ಪನ ದಾರ."

"ನಂದು ಇಲ್ಲೈತಲ್ಲ." ಬಲಗೈ ಎತ್ತಿ ತೋರಿಸಿದ.

"ದೇವರು ಎಲ್ಲಾರಿಗೂ ಎರಡು ಕೊಟ್ಟಾನ. ಫೌಜದಾರ್ರಿಗೆ ಅಂತ ಒಂದು ಕಡಿಮಿ ಮಾಡಿಲ್ಲ."

ಕನಕಪ್ಪ ವಾದಿಸಲಿಲ್ಲ. ಆದರೆ ಆ ಕೈ ತನ್ನದು ಎಂದು ಒಪ್ಪಲೂ ಇಲ್ಲ. ಪುರಾವೆ ಸಾಲದು ಎಂದುಕೊಂಡು ಸುಮ್ಮನೆ ಮಲಗಿದ.

ಎಚ್ಚರ ಬರುವುದು ಎಂದರೆ ದೀಪ ಹಚ್ಚಿದಂತೆ ಎಂದು ಅವನು ತಿಳಿದಿದ್ದ. ಹಾಗಲ್ಲ, ಅದು ಬಾವಿಯ ಸೆಲೆ. ತಳದಲ್ಲಿ ಮೊದಲು ಒದ್ದೆ, ಆಮೇಲೆ ಒಂದಿಷ್ಟು ಕೆಸರು, ಎಷ್ಟೋ ಹೊತ್ತಿನ ಮೇಲೆ ನೀರು. ಮೊದಲು ಒಂದು ಸದ್ದು ಬಂದಿತ್ತು, ಕಬ್ಬಿಣದ ಗಾಡಿ ಎಳೆದಂತೆ. ಬಳಿಕ ಫಿನಾಯಿಲ್ ವಾಸನೆ. ಬಳಿಕ ಬಾಯಾರಿಕೆ. ಅವನ ಹೆಸರು ಅವನಿಗೆ ಸಿಕ್ಕಿದ್ದು ಬಾಯಾರಿಕೆಯೂ ಬಂದುಹೋದ ಮೇಲೆ. ಅಲ್ಲಿಯವರೆಗೆ ಬಾಯಾರಿದ್ದು ಯಾರಿಗೆ ಎಂಬ ಪ್ರಶ್ನೆ ಅವನನ್ನು ಈಗಲೂ ಕಾಡುತ್ತಿತ್ತು.

ತಲೆಯ ಸುತ್ತ ದಪ್ಪ ಪಟ್ಟಿ. ಅದರೊಳಗೆ ಬುರುಡೆಗೆ ತೂತು ಕೊರೆದು, ಹೆಪ್ಪುಗಟ್ಟಿದ ರಕ್ತ ತೆಗೆದಿದ್ದಾರಂತೆ. ಇಳಕಲ್ಲಿನಿಂದ ಹುನಗುಂದದ ಮೇಲೆ ಹಾಯ್ದು ಬಾಗಲಕೋಟೆಯ ಈ ದವಾಖಾನೆಗೆ ಜೀಪಿನಲ್ಲಿ ತಂದರಂತೆ. ಎಲ್ಲವೂ ಅಂತೆ. ತನ್ನದೇ ಕಥೆಯನ್ನು ಅವನು ಊರ ಸುದ್ದಿಯಂತೆ ಕೇಳಬೇಕಾಗಿತ್ತು.

ಗೊತ್ತಿದ್ದದ್ದು ಇಷ್ಟು. ಇಳಕಲ್ಲಿನ ನೇಕಾರ ಇಮಾಮಸಾಬ ತನ್ನ ಮಗ್ಗದ ಕುಣಿಯಲ್ಲೇ, ಕಾಲು ಇಳಿಬಿಟ್ಟು ನೇಯುವ ತಗ್ಗಿನಲ್ಲೇ, ಹೆಣವಾಗಿ ಸಿಕ್ಕಿದ್ದ, ಕೊರಳಿಗೆ ಕೆಂಪು ರೇಷ್ಮೆಯ ಹುರಿ. ಮತ್ತೊಮ್ಮೆ ಜಾಗ ನೋಡಲು ಹೋದ ಕನಕಪ್ಪ ಆ ಮಗ್ಗದ ಮನೆಯೊಳಗೇ ಕುಸಿದು ಬಿದ್ದಿದ್ದ. ಸದ್ದು ಕೇಳಿ ಓಡಿಬಂದೆ ಎಂದ ಹವಾಲ್ದಾರ ಅಹ್ಮದಸಾಬ, ಸತ್ತವನ ತಮ್ಮ ಶಾಬುದ್ದೀನನನ್ನು ಅಲ್ಲೇ ಹಿಡಿದಿದ್ದ. ಶಾಬುದ್ದೀನನ ಕೈಯಲ್ಲಿ ಬಣ್ಣದ ಹಂಡೆಯಿಂದ ನೂಲು ಎತ್ತುವ ಕೋಲು ಇತ್ತು.

"ಏನರ ನೆನಪಾತೇನ್ರಿ, ಸಾಹೇಬ್ರ?"

ಅಹ್ಮದಸಾಬ ಕಿಟಕಿಯ ಹತ್ತಿರ ನಿಂತಿದ್ದ. ದಿನವೂ ಇದನ್ನೇ ಕೇಳುತ್ತಿದ್ದ. ಇಳಕಲ್ಲಿನವನೇ, ನೇಕಾರರ ಮನೆಯ ಹುಡುಗ. ಮಗ್ಗ ಬಿಟ್ಟು ಪೊಲೀಸಿಗೆ ಸೇರಿದವನು. ಫೌಜದಾರರು ದವಾಖಾನೆ ಸೇರಿದಾಗಿನಿಂದ ಬಾಗಿಲು ಬಿಟ್ಟು ಕದಲಿಲ್ಲ ಎಂದು ಮಾಯವ್ವ ಹೊಗಳುತ್ತಿದ್ದಳು.

"ನಿನ್ನೆ ಹೇಳಿದ್ದ ನೆನಪೈತಿ. ಕಿಟಕಿ, ನೂಲಿನ ಗಂಟು, ಶಾಬುದ್ದೀನ. ಮತ್ತ್ಯಾರೂ ಇಲ್ಲ."

"ಅಷ್ಟ ಸಾಕ್ರಿ. ಸರ್ಕಲ್ ಸಾಹೇಬ್ರು ಇವತ್ತ ಮಧ್ಯಾಹ್ನ ಬರ್ತಾರ. ಇದ್ದದ್ದು ಇದ್ದಂಗ ಹೇಳಿಬಿಡ್ರಿ. ಶಾಬು ಏನೇನೋ ಬಡಬಡಸ್ಲಿಕತ್ತಾನ. ನಿಮ್ಮ ಮಾತು ಬಿತ್ತಂದ್ರ ಅವನ ಬಾಯಿ ಮುಚ್ಚತೈತಿ. ಹುನಗುಂದ ಕೋರ್ಟಿಗೆ ಹಾಕಿದ್ರ ಮುಗೀತು."

ಮುಗಿಯುತ್ತದೆ, ನಿಜ. ಅಣ್ಣನನ್ನು ಕೊಂದ, ತನಿಖೆಗೆ ಬಂದ ಫೌಜದಾರನ ತಲೆ ಒಡೆದ. ಎರಡೂ ಶಾಬುದ್ದೀನನ ಕೊರಳಿಗೆ. ಕನಕಪ್ಪನ ಒಂದು ಮಾತು ಸಾಕು.

ಆ ಒಂದು ಮಾತು ಅವನ ನಾಲಿಗೆಯ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ. ಬೀಳುವ ಮುನ್ನ ಆ ಕೋಣೆಯಲ್ಲಿ ಏನೋ ತಿಳಿದಿತ್ತು. ಏನು ತಿಳಿದಿತ್ತು ಎಂಬುದು ಹೋಗಿತ್ತು. ತಿಳಿದಿತ್ತು ಎಂಬುದು ಮಾತ್ರ ಉಳಿದಿತ್ತು.

ಮಾಯವ್ವ ಗಂಗಾಳ ತಂದಿಟ್ಟಳು. ಮೆತ್ತಗಿನ ಅನ್ನ, ಸಾರು. ಅವನು ಬಲಗೈಯಿಂದ ಗಬಗಬ ತಿಂದ. ಮುಗಿದ ಮೇಲೂ ಹಸಿವು.

"ಇನ್ನಷ್ಟು ಹಾಕು. ಪುಂಡಿಪಲ್ಯ ಮಾಡೇನಿ ಅಂದಿದ್ದಿ, ಎಲ್ಲೈತಿ?"

"ಅರ್ಧಾ ಗಂಗಾಳ ಹಂಗ ಬಿಟ್ಟೀರಿ. ಪಲ್ಯ ಮುಟ್ಟೇ ಇಲ್ಲ. ಇದನ್ನೇನು ಬೀರಪ್ಪಗ ಎಡಿ ಇಟ್ಟೀರೇನು?"

"ಎಲ್ಲೈತಿ ಅಂದೆ. ಗಂಗಾಳ ಖಾಲಿ ಐತಿ."

ಮಾಯವ್ವ ಅವನ ಮುಖ ನೋಡಿದಳು. ಬಳಿಕ ಗಂಗಾಳವನ್ನು ಇದ್ದಲ್ಲೇ ಅರ್ಧ ಸುತ್ತು ತಿರುಗಿಸಿದಳು.

ಅನ್ನ ಬಂತು. ಎಲ್ಲಿಂದಲೋ ಬಂತು. ಅದರ ಪಕ್ಕದಲ್ಲಿ ಎಣ್ಣೆ ಮಿಂಚುವ ಪುಂಡಿಪಲ್ಯ.

ಕನಕಪ್ಪ ಗಂಗಾಳದ ಅಂಚು ಹಿಡಿದು ತಾನೇ ತಿರುಗಿಸಿದ. ಪಲ್ಯ ಹೋಯಿತು. ಮತ್ತೆ ತಿರುಗಿಸಿದ. ಬಂತು. ಅವನ ತೊಡೆಯ ಮೇಲೆ ಯಾರೋ ಜಾದೂ ನಡೆಸಿದ್ದರು, ಅದನ್ನು ನಡೆಸುತ್ತಿದ್ದವನೂ ತಾನೇ. ಎದೆಯೊಳಗೆ ಹೆದರಿಕೆ ಏಳಬೇಕಿತ್ತು. ಎದ್ದದ್ದು ಹಳೆಯ ಚಟ, ಹೊಸ ಕೇಸು ಕೈಗೆ ಬಂದಾಗ ಏಳುವಂಥದು.

"ಅಹ್ಮದಸಾಬ, ಆ ಕಿಟಕಿಯಿಂದ ಹೊಂಟು ನನ್ನ ಕಾಲ ಮುಂದ ಹಾಯ್ದು ಮೆಲ್ಲಗ ನಡಿ. ಗ್ವಾಡಿ ಮುಟ್ಟೋತನ."

"ಯಾಕ್ರಿ?"

"ನಡಿಯಲೇ. ಪರೇಡ್ ಅಂತ ತಿಳಕೋ."

ಅಹ್ಮದಸಾಬ ನಡೆದ. ಮೊದಲ ಹೆಜ್ಜೆಗಳು ಚೆನ್ನಾಗಿ ಕಂಡವು. ಮಂಚದ ನಡುವಿಗೆ ಬಂದ. ಇನ್ನೊಂದು ಹೆಜ್ಜೆ ಇಟ್ಟ. ಪಾಟಿಯ ಮೇಲಿನ ಅಕ್ಷರ ಒರೆಸಿದ ಹಾಗೆ ಇಲ್ಲವಾದ. ಕತ್ತಲೆಯೂ ಇಲ್ಲ, ಮಂಜೂ ಇಲ್ಲ. ಅವನು ನಿಲ್ಲಬೇಕಾದ ಜಾಗವೇ ಇರಲಿಲ್ಲ.

"ಎಲ್ಲಿ ಹೋದಿ?"

"ಇಲ್ಲೇ ಅದೀನಲ್ರಿ." ಹವಾಲ್ದಾರನ ದನಿ ಸ್ವಲ್ಪ ತಡವಾಗಿ ಬಂತು. "ನಾ ಕಾಣಸಂಗಿಲ್ಲೇನ್ರಿ ನಿಮಗ?"

ಡಾಕ್ಟರು ಬಂದಾಗ ಕನಕಪ್ಪ ಪಲ್ಯವನ್ನು ಇನ್ನೂ ಹಾಜರು, ಗೈರುಹಾಜರು ಮಾಡುತ್ತಿದ್ದ. ಮಿರಜದಲ್ಲಿ ಕಲಿತು ಬಂದ ತರುಣ ಡಾಕ್ಟರು, ಕೂತು ಮಾತಾಡುವ ಪುರುಸೊತ್ತಿಲ್ಲದ ಮನುಷ್ಯ. ಈಗ ಮಾತ್ರ ಮಂಚದ ಅಂಚಿಗೆ ಕೂತರು.

"ಮಿದುಳಿನ ಬಲಗಡೆ ರಕ್ತ ಸೋರಿತ್ತು," ಎಂದರು. "ನಮ್ಮ ಎಡಗಡೆ ಪ್ರಪಂಚ ನೋಡಿಕೊಳ್ಳೋದು ಅದ ಭಾಗ. ನಿಮ್ಮ ಕಣ್ಣು ಬರೋಬರಿ ಅದಾವ. ಆದ್ರ ಎಡಗಡೆ ಅಂತ ಒಂದು ಐತಿ ಅನ್ನೋದ ನಿಮ್ಮ ಮನಸ್ಸಿಗೆ ಮರತದ. ಬ್ಯಾರೆಯವರ ಕೈ ಅಂದ್ರಲ್ಲ, ಅದು ನಿಮ್ಮ ಎಡಗೈ."

"ತಿರುಗಿ ಬರತೈತೇನ್ರಿ?"

"ಭಾಳ ಮಂದಿಗೆ ನಿಧಾನಕ್ಕ ಬರ್ತದ."

"ಕೈ ಇರಲಿ." ಕನಕಪ್ಪ ಗಂಗಾಳ ಸರಿಸಿದ. "ಒಂದು ಕೇಳ್ತೇನಿ. ಈ ಮರವು ಎದುರಿಗೆ ಇದ್ದದ್ದಕ್ಕಷ್ಟೇನೋ, ಇಲ್ಲಾ ನೆನಪಿಗೂ ಐತೋ? ರಕ್ತ ಸೋರೋಕಿಂತ ಮೊದಲು ನಾ ಒಂದು ಕೋಣಿ ನೋಡೇನಿ. ಆವಾಗ ಎಲ್ಲಾ ಕಂಡಿರಬೇಕು. ಈಗ ನೆನಸಿಕೊಂಡ್ರ?"

ಡಾಕ್ಟರು ಅವನನ್ನು ಹೊಸದಾಗಿ ನೋಡಿದರು. "ನೆನಪಿನಾಗೂ ಎಡಗಡೆ ಬಿಟ್ಟುಹೋಗ್ತದ ಅಂತ ಇತ್ತೀಚೆಗೆ ಒಂದು ಕಡೆ ಓದೇನಿ. ನಾ ಇನ್ನೂ ಕಂಡಿಲ್ಲ. ಹೇಳ್ರಿ ನೋಡೋಣ, ಆ ಕೋಣ್ಯಾಗ ಏನೇನಿತ್ತು?"

ಕನಕಪ್ಪ ಕಣ್ಣು ಮುಚ್ಚಿದ. "ಬಾಗಲದಾಗ ನಿಂತೇನಿ. ಕಿಟಕಿ ಐತಿ. ಕಿಟಕಿ ಕೆಳಗ ಕೆಂಪು ನೂಲಿನ ಗಂಟು. ನೀರಿನ ಕೊಡ. ಹಿತ್ತಲ ಬಾಗಲ, ಅದರಾಗಿಂದ ಶಾಬುದ್ದೀನ ಒಳಗ ಬಂದು ನಿಂತಾನ, ಕೈಯಾಗ ಕೋಲು. ಆತು."

"ಮತ್ತ ಮಗ್ಗ?" ಎಂದಳು ಮಾಯವ್ವ.

"ಮಗ್ಗ ಇಲ್ಲ."

"ಮಗ್ಗದ ಮನ್ಯಾಗ ಮಗ್ಗಾನ ಇಲ್ಲ?"

ಕನಕಪ್ಪ ಕಣ್ಣು ತೆರೆದ. ಇಮಾಮಸಾಬನ ಹೆಣ ಎತ್ತಿದ್ದು ಮಗ್ಗದ ಕುಣಿಯಿಂದ. ಹೆಣ ಎತ್ತುವಾಗ ಕೈ ಹಚ್ಚಿದವರಲ್ಲಿ ತಾನೂ ಒಬ್ಬ. ಅಷ್ಟು ದೊಡ್ಡ ಮಗ್ಗ, ಒಂದಿಡೀ ಗೋಡೆಯುದ್ದದ್ದು, ಅವನ ನೆನಪಿನಿಂದ ಎದ್ದು ನಡೆದುಹೋಗಿತ್ತು. ಅದರ ಜೊತೆ ಇನ್ನೇನು ಎದ್ದುಹೋಗಿದೆ?

ಗಂಗಾಳ ತಿರುಗಿಸಿದರೆ ಪಲ್ಯ ಬಂತು. ಕೋಣೆಯನ್ನು ತಿರುಗಿಸುವುದು ಹೇಗೆ?

"ಬಾಗಲದಾಗ ನಿಲ್ಲೂದು ಬ್ಯಾಡ," ಎಂದ ಅವನು ತನಗೆ ತಾನೇ. "ನೇಕಾರ ಕೂಡೋ ಜಾಗಾದಾಗ ಕೂಡ್ತೇನಿ. ಬಾಗಲದ ಕಡೆ ಮಾರಿ ಮಾಡಿ."

ಮನಸ್ಸಿನಲ್ಲೇ ಕುಣಿಗೆ ಇಳಿದ. ನೆಲದ ಅಂಚಿನಲ್ಲಿ ಕುಳಿತು ಕಾಲು ಕೆಳಗೆ ಇಳಿಬಿಟ್ಟ. ಕಾಲ ಕೆಳಗೆ ತುಳಿಯುವ ಹಲಗೆಗಳು. ಎದೆಗೆ ತಾಗುವಂತೆ ನೇಯ್ದ ಸೀರೆಯ ಸುರುಳಿ.

ಕಿಟಕಿ ಹೋಯಿತು. ಕೊಡ ಹೋಯಿತು. ಶಾಬುದ್ದೀನ ಕೋಲಿನ ಸಮೇತ ಹೋದ.

ಮಗ್ಗ ಬಂತು. ಅವನ ಎದೆಯಿಂದ ಹೊರಟ ಹಾಸಿನ ಎಳೆಗಳು ಬಾಗಿಲ ಕಡೆಗೆ ಉದ್ದಕ್ಕೆ ಚಾಚಿದ್ದವು. ಅಂಚು ಕಪ್ಪು, ಒಡಲು ಕಡುನೀಲಿ. ಆ ತುದಿಯಲ್ಲಿ ನೀಲಿಗೆ ಸೆರಗಿನ ಕೆಂಪು ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ಕೆಲಸ ಅರ್ಧ ಆಗಿತ್ತು. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು. ಎರಡನ್ನೂ ಕೈಯಿಂದ ಒಂದೊಂದೇ ಎಳೆಯಾಗಿ ಬೆಸೆಯಬೇಕು. ಬೆಸೆಯುತ್ತಿದ್ದ ಬೆರಳುಗಳು ಕಂಡವು. ಬಳೆ ಕಂಡವು. ತಲೆಯ ಮೇಲಿನ ಸೆರಗು, ಎತ್ತಿದ ಮುಖ.

"ಒಬ್ಬಾಕಿ ಹೆಂಗಸು," ಎಂದ ಕನಕಪ್ಪ.

"ಯಾರ್ರಿ?" ಅಹ್ಮದಸಾಬನ ದನಿ ಬಹಳ ಹತ್ತಿರದಿಂದ ಬಂತು.

"ಇಮಾಮಸಾಬನ ಅಕ್ಕ. ಲಾಡಬಿ."

ಮಾಯವ್ವ, ಗಂಡ ಇನ್ನೇನು ತಪ್ಪು ಮಾಡಲಿದ್ದಾನೋ ಎಂಬ ಅಂಜಿಕೆಯಿಂದ, ಮೆಲ್ಲಗೆ ಹೇಳಿದಳು.

"ಆಕಿ ಇಲ್ಲೇ ಕುಂತಾಳಲ್ರಿ. ನಿಮಗ ಎಚ್ಚರ ಬಂದಾಗಿಂದ ದಿನಾ ಬರ್ತಾಳ. ಎಷ್ಟು ಸಲ ಸಲಾಂ ಮಾಡಿದ್ಲು, ನೀವು ಒಂದು ಸಲಾನೂ ಆಕಿ ಮಾರಿ ನೋಡ್ಲಿಲ್ಲ. ಸಿಟ್ಟಿರಬೇಕು ಅಂತ ನಾ ಸುಮ್ಮನಿದ್ದೆ."

ಕನಕಪ್ಪ ಕಿಟಕಿ ನೋಡಿದ. ಡಾಕ್ಟರನ್ನು ನೋಡಿದ. ಹೆಂಡತಿಯನ್ನು ನೋಡಿದ. ಪ್ರಪಂಚ ಅಲ್ಲಿಗೆ ಮುಗಿದಿತ್ತು.

"ಮಂಚ ತಿರುಗಿಸ್ರಿ," ಎಂದ.

ಡಾಕ್ಟರು ಒಂದು ಕಡೆ, ಅಹ್ಮದಸಾಬ ಒಂದು ಕಡೆ ಹಿಡಿದರು. ಕಬ್ಬಿಣದ ಕಾಲುಗಳು ನೆಲಕ್ಕೆ ಕಿರುಗುಟ್ಟಿದವು. ತಲೆಯಿದ್ದಲ್ಲಿ ಕಾಲು ಬಂತು. ಕಿಟಕಿ ಕಳಚಿಕೊಂಡಿತು. ಹೊಸ ಗೋಡೆ, ಗೋಡೆಗೆ ಹೊಸ ಬಾಗಿಲು, ಪಕ್ಕದ ರೋಗಿಯ ಖಾಲಿ ಮಂಚ. ಅದರ ಈಚೆಗೆ ಒಂದು ಮರದ ಸ್ಟೂಲು. ಸ್ಟೂಲಿನ ಮೇಲೆ, ಮೊಣಕಾಲು ಜೋಡಿಸಿಕೊಂಡು, ನರೆತ ಕೂದಲಿನ ಲಾಡಬಿ.

ಇಷ್ಟು ದಿನ ಅವನಿಂದ ಒಂದು ಮೊಳ ದೂರದಲ್ಲಿ ಕುಳಿತಿದ್ದಳು.

"ಈಗ ಕಂಡೆನೇನ್ರಿ, ಸಾಹೇಬ್ರ?" ಎಂದಳು. ದನಿಯಲ್ಲಿ ಅಳುವಿಗಿಂತ ಕೊಂಕೇ ಹೆಚ್ಚಾಗಿತ್ತು. "ಬಡವರು ಕಾಣಸಾಕ ಮಂಚಾನ ತಿರುಗಿಸ್ಬೇಕಾತು."

ಡಾಕ್ಟರು ನಕ್ಕರು. ಕನಕಪ್ಪನಿಗೂ ನಗು ಬಂತು, ತಲೆ ನೋಯಿತು.

"ಡಾಕ್ಟರ್ ಸಾಹೇಬ್ರ, ಈಕಿ ಜೋಡಿ ಒಂದೀಟು ಮಾತಾಡೋದೈತಿ."

"ಐದು ನಿಮಿಷ. ಹವಾಲ್ದಾರ್ರ, ನೀವೂ ಬರ್ರಿ, ಮಂದಿ ಕಡಿಮಿ ಆಗ್ಲಿ."

"ನಾ ಇರ್ತೇನ್ರಿ. ಸಾಹೇಬ್ರಿಗೆ ಏನರ ಬೇಕಾದ್ರ—"

"ಮಾಯವ್ವ ಅದಾಳ," ಎಂದ ಕನಕಪ್ಪ. "ನೀ ಚಾ ಕುಡದು ಬಾ."

ಅಹ್ಮದಸಾಬ ಹೋದ. ಲಾಡಬಿ ಅವನ ಬೂಟಿನ ಸದ್ದು ದೂರ ಆಗುವವರೆಗೆ ಬಾಯಿ ತೆರೆಯಲಿಲ್ಲ.

"ಆವತ್ತು ನೀ ಅಲ್ಲಿದ್ದಿ," ಎಂದ ಕನಕಪ್ಪ.

"ಇದ್ದೆ."

"ಶಾಬುದ್ದೀನ ನನ್ನ ಹೊಡದನೇನು?"

"ಯಾರೂ ಹೊಡಿಲಿಲ್ರಿ. ನೀವು ಮಾತಾಡ್ಕೋತ ಹಣಿಗೆ ಕೈ ಒತ್ತಿಕೊಂಡ್ರಿ, ಹಂಗ ಕುಸದ್ರಿ. ಕುಣಿ ಅಂಚಿಗೆ ತಲಿ ಬಡೀತು. ನಮ್ಮ ಶಾಬು ಬಣ್ಣದ ಹಂಡೆ ಬಿಟ್ಟು ಹಿತ್ತಲದಿಂದ ಆಗಷ್ಟ ಒಳಗ ಬಂದಿದ್ದ. ಕೋಲು ಕೆಳಗ ಇಡಾಕೂ ಅವಗ ಹೊತ್ತು ಸಿಗಲಿಲ್ಲ."

"ಇದನ್ನ ಠಾಣಾಕ್ಕ ಹೋಗಿ ಯಾಕ ಹೇಳ್ಲಿಲ್ಲ?"

ಲಾಡಬಿ ತಲೆಯ ಸೆರಗು ಮುಂದಕ್ಕೆ ಎಳೆದುಕೊಂಡಳು. ಮಾಯವ್ವ ಇಬ್ಬರನ್ನೂ ನೋಡುತ್ತ ಗಂಗಾಳ ಎತ್ತಿಕೊಂಡಳು.

ಕನಕಪ್ಪ ಮತ್ತೆ ಕಣ್ಣು ಮುಚ್ಚಿ ಕುಣಿಗೆ ಇಳಿದ. ನೀಲಿ ಎಳೆಗಳು, ಕೆಂಪು ಎಳೆಗಳು. ಏನೋ ಸರಿಯಿರಲಿಲ್ಲ. ಸತ್ತವನ ಮಗ್ಗದಲ್ಲಿ ಈಕೆ ಸೆರಗು ಯಾಕೆ ಬೆಸೆಯುತ್ತಿದ್ದಳು?

"ಇಮಾಮಸಾಬ ಬಿಟ್ಟುಹೋದ ಸೀರಿ ಮುಂದುವರಸಾಕ ನಿನಗ ಯಾರು ಹೇಳಿದ್ರು?"

"ಅರ್ಧಾ ಸೀರಿ ಇದ್ದ ಮಗ್ಗ ನಾವು ಕೀಳಂಗಿಲ್ರಿ. ಹಾಸು ಕಡದು ಮಗ್ಗ ಕಿತ್ರ ಮನಿ ಕಿತ್ತಂಗ. ಸೀರಿ ಪೂರಾ ಆಗಬೇಕು, ಆಮ್ಯಾಲೆ ಮಗ್ಗ ಬಿಚ್ಚಬೇಕು. ಲಗೂನ ಮುಗಸು, ಕುಣಿ ಖಾಲಿ ಆಗ್ಲಿ ಅಂತ ಅವರ ನನ್ನ ಕರಸಿದ್ರು."

"ಯಾರು?"

ಆಕೆ ಬಾಗಿಲ ಕಡೆ ನೋಡಿದಳು.

ಆಗ ಅವನಿಗೆ ಎಳೆಗಳು ನೆನಪಾದವು. ಅವು ಬಿಗಿಯಾಗಿದ್ದವು. ಆ ತುದಿಯಲ್ಲಿ ಒಬ್ಬರು ಕೊಂಡಿ ಹಾಕಬೇಕಾದರೆ ಈ ತುದಿಯಲ್ಲಿ ಇನ್ನೊಬ್ಬರು ಹಾಸನ್ನು ಬಿಗಿ ಹಿಡಿದಿರಬೇಕು. ಕೋಣೆ ಕಾಣಲೆಂದು ತಾನು ಹೋಗಿ ಕುಳಿತ ಜಾಗ ಖಾಲಿ ಇರಲಿಲ್ಲ. ತಾನು ಇನ್ನೊಬ್ಬನ ಮೈಮೇಲೆ ಕುಳಿತಿದ್ದ. ಅದಕ್ಕೇ ಅವನು ಕಾಣಲಿಲ್ಲ.

"ಲಾಡಬಿ, ಕುಣಿಯೊಳಗ ಯಾರು ಕುಂತಿದ್ರು?"

"ಹೆಸರು ನನ್ನ ಬಾಯಿಂದ ಬ್ಯಾಡ್ರಿ. ನನ್ನ ತಮ್ಮ ಅವರ ಕೈಯಾಗ ಅದಾನ." ಆಕೆ ಸ್ಟೂಲು ಮುಂದೆ ಎಳೆದುಕೊಂಡಳು. "ಇಷ್ಟು ಹೇಳ್ತೇನಿ. ನೀವು ಬಾಗಲದಾಗ ಬಂದು ನಿಂತಕೂಡ್ಲೆ ಅವರು ಹಾಸು ಕೈಬಿಟ್ಟು, ಆ ಕುಣಿಯೊಳಗನ ನೆಟ್ಟಗ ಎದ್ದು ನಿಂತು, ನಿಮಗ ಸಲೂಟ್ ಹೊಡದ್ರು."

ಹೊರಗೆ ಬೂಟಿನ ಸದ್ದು. ಈಗ ಒಂದಲ್ಲ, ಎರಡು ಜೊತೆ.

"ಸರ್ಕಲ್ ಸಾಹೇಬ್ರು ಬಂದ್ರು," ಎಂದು ಅಹ್ಮದಸಾಬ ಒಳಗೆ ಬಂದ. "ಡಾಕ್ಟರ ಜೋಡಿ ಮಾತಾಡ್ಲಿಕತ್ತಾರ, ಈಗ ಬರ್ತಾರ. ವೈನಿ, ನೀವು ಹೊರಗಿರ್ರಿ. ಸಾಹೇಬ್ರ ಮುಂದ ಮಂಚ ಹಿಂಗ ಅಡ್ಡಾದಿಡ್ಡಿ ಬ್ಯಾಡ."

"ಮಂಚ ಇರಲಿ," ಎಂದ ಕನಕಪ್ಪ.

ಅಹ್ಮದಸಾಬ ಕೇಳಿಸಿಕೊಳ್ಳಲಿಲ್ಲ. ಮಾಯವ್ವ ಸೆರಗು ಹೊದ್ದು, ಗಂಗಾಳ ಹಿಡಿದು ಹೊರಗೆ ಹೋಗುವಷ್ಟರಲ್ಲಿ ಅವನು ಮಂಚದ ಕಂಬಿ ಹಿಡಿದಿದ್ದ. ಒಂದೇ ಉಸಿರಿಗೆ ಒಬ್ಬನೇ ತಿರುಗಿಸಿದ. ಗೋಡೆ ಹೋಯಿತು, ಬಾಗಿಲು ಹೋಯಿತು. ಸ್ಟೂಲಿನಿಂದ ಅರ್ಧ ಎದ್ದ ಲಾಡಬಿ, ಏನೋ ಹೇಳಲು ತೆರೆದ ಬಾಯಿಯ ಸಮೇತ ಹೋದಳು.

ಕಿಟಕಿ ಬಂತು.

ಕನಕಪ್ಪ ಕೊರಳನ್ನು ಹೊರಳಿಸಲು ನೋಡಿದ. ಎಲ್ಲಿಗೆ ಹೊರಳಿಸಬೇಕು ಎಂಬುದೇ ಕೊರಳಿಗೆ ಗೊತ್ತಾಗಲಿಲ್ಲ. ಬಳೆ ಸದ್ದಾದವು. ಯಾರೋ ಏನೋ ಪಿಸುಗುಟ್ಟಿದರು.

"ಹೆಂಗದೀರಿ, ಕನಕಪ್ಪ?" ಸರ್ಕಲ್ ಸಾಹೇಬರು ಕಿಟಕಿಯ ಬದಿಗೆ ಬಂದು ನಿಂತರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. "ಹೆಚ್ಚು ದಣಿಸಂಗಿಲ್ಲ. ಒಂದ ಪ್ರಶ್ನೆ. ಆ ದಿನ ಕೋಣ್ಯಾಗ ಶಾಬುದ್ದೀನನ ಬಿಟ್ಟು ಮತ್ತ್ಯಾರಿದ್ರು? ಯಾರೂ ಇಲ್ಲ ಅಂತ ನಿನ್ನೆ ಹೇಳೀರಂತ."

"ನಿನ್ನೆ ನಾ ಹೇಳಿದ್ದು ತಪ್ಪು, ಸಾಹೇಬ್ರ. ಇನ್ನೂ ಇಬ್ಬರಿದ್ರು. ಒಬ್ಬಾಕಿ ಕಣ್ಣಾರೆ ಎಲ್ಲಾ ನೋಡ್ಯಾಳ. ನನ್ನನ್ನ ಕೇಳಬ್ಯಾಡ್ರಿ, ಆಕಿನ್ನ ಕೇಳ್ರಿ." ಕನಕಪ್ಪ ಬಲಗೈಯನ್ನು ಎದೆಯ ಮೇಲಿಂದ ಹಾಯಿಸಿ, ತನಗೆ ಇಲ್ಲದ ಆ ಕಡೆಗೆ ಬೆರಳು ಮಾಡಿದ. "ಅಲ್ಲೇ ಕುಂತಾಳ. ಸ್ಟೂಲಿನ ಮ್ಯಾಲೆ."

ಸರ್ಕಲ್ ಸಾಹೇಬರು ಅವನ ಬೆರಳು ಹೋದ ದಿಕ್ಕಿಗೆ ನೋಡಿದರು. ಮತ್ತೆ ಅವನ ತಲೆಯ ಪಟ್ಟಿಯನ್ನು ನೋಡಿದರು. ಅವರ ಮುಖದಲ್ಲಿ ಕನಿಕರ ಬಂದು ಕೂತಿತು.

"ಕನಕಪ್ಪ," ಎಂದರು, "ಅಲ್ಲಿ ಬರೇ ಸ್ಟೂಲು ಐತಿ."